ಮಣಿಯ ದೊಣ್ಣೆ ಯಾರ ಮೇಲೆ?

ಆರ್.ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ (1935) ಕಾದಂಬರಿಯ ಮಣಿಯನ್ನು ಮೆಚ್ಚದವರು ಕಡಿಮೆ. ಕೊನೆಯ ಬೆಂಚು, ಕೈಯಲ್ಲಿ ದೊಣ್ಣೆ, ಓದು ಅಷ್ಟಕ್ಕಷ್ಟೆ; ಕ್ಲಾಸಿಗೆ ಕ್ಲಾಸೇ ಅವನಿಗೆ ಹೆದರುತ್ತದೆ. ಅದೇ ಮಣಿ ಸ್ವಾಮಿಗೆ ಪ್ರಾಣಸ್ನೇಹಿತ. ರಾಜಂ ಊರು ಬಿಡುವಾಗ, ಸ್ವಾಮಿ ತಂದ ಪುಸ್ತಕವನ್ನು ಹೊರಟ ರೈಲಿನ ಜೊತೆ ಓಡಿ ತಲುಪಿಸುವವನೂ ಅವನೇ. ಎಂಬತ್ತರ ದಶಕದಲ್ಲಿ ಶಂಕರ್‌ನಾಗ್ ಆಗುಂಬೆಯಲ್ಲಿ ತೆಗೆದ ‘ಮಾಲ್ಗುಡಿ ಡೇಸ್’ ಬಂದ ಮೇಲಂತೂ ಈ ಹುಡುಗರು ಕನ್ನಡದ ಮಕ್ಕಳೇ ಆಗಿಬಿಟ್ಟರು. ಮಣಿ ನೋಡೋಕೆ ಒರಟ, ಒಳಗೆ ಬೆಣ್ಣೆ ಅಂತ ನಾವೆಲ್ಲ ಒಪ್ಪಿಕೊಂಡಿದ್ದೇವೆ.

ಬೆಣ್ಣೆ ಸರಿ, ಯಾರ ಪಾಲಿಗೆ? ನನ್ನ ತಕರಾರು ಇಷ್ಟೆ.

ಕಾದಂಬರಿಯಲ್ಲಿ ಮೂವರು ಗೆಳೆಯರೂ ಸೇರಿ ರಸ್ತೆಯಲ್ಲಿ ಒಂದು ಎತ್ತಿನ ಗಾಡಿ ತಡೆಯುತ್ತಾರೆ. ಹೊಡೆಯುತ್ತಿರುವವನು ಕರುಪ್ಪನ್ ಎಂಬ ಹಳ್ಳಿ ಹುಡುಗ. ಪೊಲೀಸ್ ಅಧಿಕಾರಿಯ ಮಗ ರಾಜಂ ತಾವು ಸರ್ಕಾರದ ಪೊಲೀಸರು ಅನ್ನುತ್ತಾನೆ, ಹೆಸರು ವಯಸ್ಸು ಕೇಳುತ್ತಾನೆ. ಹುಡುಗನಿಗೆ ತನ್ನ ವಯಸ್ಸೇ ಗೊತ್ತಿಲ್ಲ. ಓದುಗರು ನಗುತ್ತಾರೆ. ಅಕ್ಷರ ಕಾಣದವನ ಅಂಜಿಕೆ ಇಲ್ಲಿ ಇಸ್ಕೂಲು ಹುಡುಗರಿಗೆ ಆಟದ ಸಾಮಾನು.

ಇನ್ನೊಂದು ಕಡೆ, ಸ್ವಾಮಿಯ ದುಡ್ಡು ನುಂಗಿದ ಜಟಕಾದವನ ಮಗನಿಗೆ ಬುದ್ಧಿ ಕಲಿಸಲು ಮಣಿ ಕೀಳಚೇರಿಗೆ ಹೋಗುತ್ತಾನೆ. ಗೆಳೆಯನಿಗಾಗಿ ಹೊರಟ ಈ ದಂಡಯಾತ್ರೆಯೇ ಅವನ ನಿಷ್ಠೆಯ ಪುರಾವೆ. ಆದರೆ ಆ ಜಾಗದ ಹೆಸರು ನೋಡಿ. ಲೇಖಕರು ಅಲ್ಲಿನವರ ಜಾತಿಯನ್ನು ಹೇಳುವುದಿಲ್ಲ. ತಮಿಳಿನಲ್ಲಿ ಚೇರಿ ಅಂದರೆ ನಮ್ಮ ಕೇರಿಯೇ. ಮಾಲ್ಗುಡಿಯ ಬೀದಿಗಳಿಗೆಲ್ಲ ಚಂದ ಇದೆ, ಇದಕ್ಕೆ ಮಾತ್ರ ಹೊಗೆ ಹಿಡಿದ ಗುಡಿಸಲು, ದುರ್ವಾಸನೆ.

ಹಾಗಂತ ನಾರಾಯಣರನ್ನು ಕಟಕಟೆಗೆ ನಿಲ್ಲಿಸುವುದು ಸುಲಭದ ವಿಮರ್ಶೆ. ಕ್ಲಾಸನ್ನೆಲ್ಲ ನಡುಗಿಸಿದ ಮಣಿಯ ಆಟ ಕೀಳಚೇರಿಯಲ್ಲಿ ನಡೆಯುವುದಿಲ್ಲ, ಬರಿಗೈಲಿ ವಾಪಸ್ ಬರುತ್ತಾನೆ. ಬರೆದವರಿಗೆ ಇದು ಕಂಡಿತ್ತು. ಕಾಣದೇ ಹೋದದ್ದು ನಮ್ಮ ವಿಮರ್ಶೆಗೆ; ಅದು ಕಾದಂಬರಿಯನ್ನು ಯಾವಾಗಲೂ ಸ್ವಾಮಿಯ ಮನೆ ಜಗುಲಿ ಮೇಲೆ ಕೂತೇ ಓದಿತು. ಗಾಡಿ ಮೇಲಿನಿಂದ ಓದಲಿಲ್ಲ.

ಮಣಿಯ ಪ್ರೀತಿ ಸುಳ್ಳಲ್ಲ, ಅದಕ್ಕೊಂದು ಬೇಲಿ ಇದೆ. ಬೇಲಿ ಒಳಗಿನವರಿಗೆ ಅಂತಃಕರಣ, ಆಚೆಯವರಿಗೆ ದೊಣ್ಣೆ. ದೊಡ್ಡವರಾದ ಮೇಲೆ ಊರು ಇದನ್ನೇ ಸಂಸ್ಕೃತಿ ಅನ್ನುತ್ತದೆ. ‘ಅವನು ಮನಸ್ಸಿನಲ್ಲಿ ಒಳ್ಳೆಯವನು’ ಅಂತ ಯಾರಾದರೂ ಹೇಳಿದಾಗ ದಲಿತ ವಿಮರ್ಶೆ ಮೊದಲು ಕೇಳಬೇಕಾದ್ದು ಒಂದೇ: ಯಾರಿಗೆ ಸ್ವಾಮಿ? ಉತ್ತರವನ್ನು ಕರುಪ್ಪನ್ ಕೊಡಲಿ. ಅವನ ವಯಸ್ಸು ಕೇಳಿದವರು ಬೇಕಾದಷ್ಟು ಜನ, ಅಭಿಪ್ರಾಯ ಕೇಳಿದವರಿಲ್ಲ.