ಸೈನಿಕ ಪೂರ್ವಜನ ಶೋಧ: ಮ್ಯಾಸಚುಸೆಟ್ಸ್ 54ನೆಯ ಪದಾತಿದಳದ ದಾಖಲೆಗಳ ವಿಮರ್ಶೆ

ಅಮೆರಿಕದ ಅಂತರ್ಯುದ್ಧದಲ್ಲಿ (1861–65) ಕಾದಿದ ಪದಾತಿದಳಗಳ ಚರಿತ್ರೆಗಳು ಆ ದೇಶದಲ್ಲಿ ನೂರಾರು ಸಂಖ್ಯೆಯಲ್ಲಿ ಪ್ರಕಟವಾಗಿವೆ. ಯುದ್ಧದಿಂದ ಬದುಕಿ ಬಂದು ಮುಪ್ಪಿನತ್ತ ಸಾಗುತ್ತಿದ್ದ ಅಧಿಕಾರಿಗಳು, ಜೊತೆಗಾರರು ಒಬ್ಬೊಬ್ಬರಾಗಿ ಮರೆಯಾಗುತ್ತಿರುವುದನ್ನು ಕಂಡು, ದಳದ ನೆನಪನ್ನಾದರೂ ಉಳಿಸೋಣವೆಂದು ಬರೆದಿಟ್ಟ ಗ್ರಂಥಗಳಿವು. ಇಂದು ಇವುಗಳ ಪುಟ ತಿರುವುವವರು ಯುದ್ಧಶಾಸ್ತ್ರದ ವಿದ್ಯಾರ್ಥಿಗಳಷ್ಟೇ ಅಲ್ಲ. ತಮ್ಮ ಮುತ್ತಜ್ಜನ ತಂದೆ ಯಾವ ಊರಿನಿಂದ ಹೋಗಿ ಸೈನ್ಯ ಸೇರಿದ, ಎಲ್ಲಿ ಗಾಯಗೊಂಡ, ಮನೆಗೆ ಮರಳಿದನೇ ಇಲ್ಲವೇ ಎಂದು ತಿಳಿಯಬಯಸುವ ವಂಶಜರೇ ಇವುಗಳ ಅತ್ಯಂತ ಶ್ರದ್ಧಾವಂತ ವಾಚಕರು. ಅಂಥ ವಾಚಕನ ಕೈಯಲ್ಲಿ ಈ ಗ್ರಂಥಗಳೂ ಇವುಗಳಿಗೆ ಆಧಾರವಾದ ಸರಕಾರಿ ಕಾಗದಗಳೂ ಎಷ್ಟರಮಟ್ಟಿಗೆ ನೆಚ್ಚತಕ್ಕವು ಎಂಬುದೇ ಪ್ರಸ್ತುತ ಲೇಖನದ ವಿಷಯ. ಈ ಲೇಖಕನು ಆ ಯುದ್ಧದ ಕಡೆಗೆ ಹೊರಳಿದ್ದು ಹತ್ತಿಯ ದಾರಿಯಿಂದ. ಅಲ್ಲಿಯ ಹತ್ತಿ ನಿಂತುದರಿಂದ ಮುಂಬಯಿ ಹಣದ ಹೊಳೆಯಲ್ಲಿ ತೇಲಿದ್ದು, 1865ರಲ್ಲಿ ಶಾಂತಿಯ ಸುದ್ದಿ ಬಂದೊಡನೆ ಮುಳುಗಿದ್ದು ನಮ್ಮ ವೃತ್ತಿಯವರಿಗೆ ತಿಳಿದ ಕಥೆ. ಸಾಲಪತ್ರಗಳನ್ನು ಹುಡುಕುತ್ತ ಹೋದವನಿಗೆ ಸಂಬಳಪಟ್ಟಿಗಳು ಸಿಕ್ಕಿದವು, ಅಷ್ಟೆ.

ಉದಾಹರಣೆಗೆ ಎತ್ತಿಕೊಂಡಿರುವುದು ಮ್ಯಾಸಚುಸೆಟ್ಸ್ ರಾಜ್ಯದ 54ನೆಯ ಪದಾತಿದಳ. 1863ರಲ್ಲಿ ಕಟ್ಟಲ್ಪಟ್ಟ ಈ ದಳದ ಸೈನಿಕರೆಲ್ಲರೂ ಆಫ್ರಿಕ ಮೂಲದವರು, ಅಧಿಕಾರಿಗಳು ಬಿಳಿಯರು. ಆ ವರ್ಷದ ಮೇ 28ರಂದು ಬಾಸ್ಟನ್ ನಗರವನ್ನು ಬಿಟ್ಟ ದಳ ಜುಲೈ 18ರ ಸಂಜೆ ದಕ್ಷಿಣ ಕೆರೊಲಿನದ ಚಾರ್ಲ್ಸ್‌ಟನ್ ಬಳಿಯ ವ್ಯಾಗ್ನರ್ ಕೋಟೆಯ ಮೇಲೆ ಏರಿಹೋಯಿತು. ಏರಿಹೋದ ಸುಮಾರು 600 ಮಂದಿಯಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಕೂಡಿ 270ಕ್ಕೂ ಹೆಚ್ಚು. ದಳಪತಿ ರಾಬರ್ಟ್ ಗೂಲ್ಡ್ ಶಾ ಕೋಟೆಯ ಗೋಡೆಯ ಮೇಲೆ ಮಡಿದನು. ಶತ್ರುಗಳು ಅವನನ್ನು ಅವನ ಸೈನಿಕರ ಜೊತೆಯಲ್ಲಿಯೇ ಹೂಳಿದರು. ಹಿರಿಯ ಅಧಿಕಾರಿಗಳೆಲ್ಲರೂ ಬಿದ್ದುದರಿಂದ ಅಂದಿನ ರಾತ್ರಿ ದಳದ ಹೊಣೆ ಹೊತ್ತವನು ಲೂಯಿಸ್ ಎಮಿಲಿಯೊ ಎಂಬ ಹದಿನೆಂಟು ವರ್ಷದ ಕ್ಯಾಪ್ಟನ್. ದಳದ ಚರಿತ್ರೆಯನ್ನು 1891ರಲ್ಲಿ ಪ್ರಕಟಿಸಿದವನೂ ಅವನೇ.

ಎಮಿಲಿಯೊನ ಗ್ರಂಥವನ್ನು ಓದಿದವರು ಅವನ ಪ್ರಾಮಾಣಿಕತೆಯನ್ನು ಮೆಚ್ಚದೆ ಇರಲಾರರು. ಆದರೆ ಅದು ಅಧಿಕಾರಿಯೊಬ್ಬನು ಬರೆದ ಗ್ರಂಥವೆಂಬುದು ಪುಟಪುಟಕ್ಕೂ ವೇದ್ಯವಾಗುತ್ತದೆ. ಯಾವ ಲೆಫ್ಟಿನೆಂಟ್ ಯಾವ ದಿನ ಬಂದ, ಯಾರು ರಜೆಯ ಮೇಲೆ ಹೋದ, ಯಾರಿಗೆ ಬಡತಿ ಸಿಕ್ಕಿತು ಎಂಬ ವಿವರಗಳು ಧಾರಾಳವಾಗಿವೆ. ಸಾಮಾನ್ಯ ಸೈನಿಕನು ಗುಂಡು ತಗಲಿದಾಗ ಮಾತ್ರ ಹೆಸರು ಪಡೆಯುತ್ತಾನೆ. ನನ್ನ ಅಭಿಪ್ರಾಯದಲ್ಲಿ ಆ ಗ್ರಂಥದ ಶ್ರೇಷ್ಠ ಭಾಗವು ಕಥನವಲ್ಲ, ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾದ ನಾಮಾವಳಿ. ಹೆಸರು, ವಯಸ್ಸು, ಕಸುಬು, ಊರು, ಸೇರಿದ ದಿನ, ಬಿಟ್ಟ ದಿನ ಅಥವಾ ಸತ್ತ ದಿನ ಇಷ್ಟೇ ಅಲ್ಲಿರುವುದು. ಕೂಲಿಗಾರ, ಕ್ಷೌರಿಕ, ನಾವಿಕ, ಒಕ್ಕಲಿಗ ಎಂದು ಸಾಲು ಸಾಲಾಗಿ ಬರುವ ಕಸುಬುಗಳನ್ನು ಓದುತ್ತಿದ್ದರೆ ಕಥನದಲ್ಲಿ ಒಂದೇ ಮೈಯಾಗಿ ನಡೆಯುತ್ತಿದ್ದ ದಳ ಬಿಡಿಬಿಡಿ ಮನುಷ್ಯರಾಗಿ ಕಾಣಿಸುತ್ತದೆ. ಅನೇಕರ ಹೆಸರಿನ ಮುಂದೆ ವ್ಯಾಗ್ನರ್ ಕೋಟೆಯಲ್ಲಿ ಕಾಣೆಯಾದರೆಂದು ಮಾತ್ರವಿದೆ. ವಂಶಜನಾದವನಿಗೆ ಆ ಒಂದು ಸಾಲು ಇಡೀ ಗ್ರಂಥಕ್ಕಿಂತ ಹೆಚ್ಚಿನದು.

ಈ ಸಾಲುಗಳ ಹಿಂದೆ ಇರುವುದು ಹಾಜರಿಪಟ್ಟಿ. ಅಮೆರಿಕದ ಸೈನ್ಯದಲ್ಲಿ ಎರಡು ತಿಂಗಳಿಗೊಮ್ಮೆ ದಳವನ್ನು ಸಾಲುಗಟ್ಟಿ ನಿಲ್ಲಿಸಿ ಇದ್ದವರು, ಇಲ್ಲದವರು, ಆಸ್ಪತ್ರೆಯಲ್ಲಿರುವವರು ಎಂದು ಬರೆದುಕೊಳ್ಳುತ್ತಿದ್ದರು. ಹೀಗೆ ಬರೆದುಕೊಂಡುದು ಚರಿತ್ರಕಾರನ ಉಪಕಾರಕ್ಕಲ್ಲ, ಸಂಬಳ ಹಂಚುವುದಕ್ಕೆ. ಸೈನಿಕನು ನೀರಿನ ಕುಪ್ಪಿಯನ್ನು ಕಳೆದುಕೊಂಡಿದ್ದರೆ ಅದರ ಬೆಲೆಯನ್ನೂ ಅಲ್ಲಿಯೇ ಹಿಡಿದಿರುತ್ತಿದ್ದರು. ಯುದ್ಧ ಮುಗಿದು ದಶಕಗಳಾದ ಮೇಲೆ, ಪಿಂಚಣಿ ಬೇಡುವವರ ಅರ್ಜಿಗಳನ್ನು ತಾಳೆ ನೋಡುವ ಸಲುವಾಗಿ, ಯುದ್ಧ ಇಲಾಖೆಯ ಗುಮಾಸ್ತರು ಈ ಪಟ್ಟಿಗಳನ್ನು ಸೈನಿಕನಿಗೊಂದು ಕಟ್ಟಿನಂತೆ ಕಾರ್ಡುಗಳ ಮೇಲೆ ನಕಲು ಮಾಡಿದರು. ಇಂದು ವಾಷಿಂಗ್ಟನ್ನಿನ ರಾಷ್ಟ್ರೀಯ ದಾಖಲೆಭಂಡಾರದಿಂದ ವಂಶಜನಿಗೆ ಸಿಗುವ ಸೇವಾದಾಖಲೆಯೆಂದರೆ ಈ ನಕಲು. ಮೂಲವೂ ಹಣದ ಲೆಕ್ಕ, ನಕಲೂ ಹಣದ ಲೆಕ್ಕ. ಹೀಗೆಂದ ಮಾತ್ರಕ್ಕೆ ಅದು ಕೀಳಲ್ಲ; ನಮ್ಮ ವೀರಗಲ್ಲುಗಳಲ್ಲಿ ಕೆಲವು ಸತ್ತವನ ಹೆಸರಿನೊಡನೆ ಅವನ ಮನೆಯವರಿಗೆ ಕೊಟ್ಟ ನೆತ್ತರುಗೊಡಗೆಯನ್ನೂ ಹೇಳುತ್ತವೆ. ಆದರೆ ಯಾವ ವ್ಯವಹಾರಕ್ಕಾಗಿ ಬರೆದದ್ದೆಂದು ತಿಳಿಯದೆ ಅದನ್ನು ಓದಿದರೆ ಎಡವುವುದು ಖಂಡಿತ.

54ನೆಯ ದಳದಲ್ಲಿ ಈ ಎಡವುವಿಕೆಗೆ ವಿಶೇಷ ಅವಕಾಶವಿದೆ. ಬಿಳಿಯ ಸೈನಿಕನಿಗೆ ತಿಂಗಳಿಗೆ 13 ಡಾಲರ್ ಸಂಬಳವಿದ್ದಾಗ, 1862ರ ಕಾನೂನೊಂದನ್ನು ಮುಂದೊಡ್ಡಿ ಕಪ್ಪು ಸೈನಿಕನಿಗೆ 10 ಡಾಲರ್ ಗೊತ್ತುಮಾಡಿ, ಅದರಲ್ಲಿಯೂ ಬಟ್ಟೆಯ ಬಾಬ್ತು 3 ಡಾಲರ್ ಹಿಡಿದು, ಕೈಗೆ 7 ಡಾಲರ್ ಕೊಡಲು ಸರಕಾರ ಮುಂದಾಯಿತು. ದಳದವರು ಆ ಹಣವನ್ನು ಮುಟ್ಟಲಿಲ್ಲ. ಕೊರತೆಯನ್ನು ತಾನು ತುಂಬಿಕೊಡುವೆನೆಂದು ಮ್ಯಾಸಚುಸೆಟ್ಸ್ ರಾಜ್ಯ ಹೇಳಿದಾಗ ಅದನ್ನೂ ಮುಟ್ಟಲಿಲ್ಲ. ಅವರ ತಕರಾರು ಮೊತ್ತದ ಮೇಲಲ್ಲ, ದರದಲ್ಲಿನ ಭೇದದ ಮೇಲೆ. ಸೇರಿದಂದಿನಿಂದ ಸುಮಾರು ಒಂದೂವರೆ ವರ್ಷ ಹೀಗೆ ಸಂಬಳವಿಲ್ಲದೆ ಕಾದಿದರು. ಊರಿನಲ್ಲಿದ್ದ ಹೆಂಡತಿ ಮಕ್ಕಳು ಏನು ತಿಂದರೆಂಬುದು ಹಾಜರಿಪಟ್ಟಿಯಲ್ಲಿಲ್ಲ.

1864ರ ಜೂನ್ 15ರ ಕಾನೂನು ಸಮಾನ ವೇತನವನ್ನು ಒಪ್ಪಿಕೊಂಡಿತಾದರೂ ಒಂದು ಕೊಕ್ಕೆಯನ್ನು ಉಳಿಸಿತು. ಯುದ್ಧದ ಆರಂಭದಲ್ಲಿ, ಅಂದರೆ 1861ರ ಏಪ್ರಿಲ್ 19ರಂದು, ಸ್ವತಂತ್ರನಾಗಿದ್ದವನಿಗೆ ಮಾತ್ರ ಸೇರಿದ ದಿನದಿಂದ ಪೂರ್ಣ ಸಂಬಳ. ಉಳಿದವರಿಗೆ 1864ರ ಜನವರಿಯಿಂದ. ಒಂದೇ ಕೋಟೆಯನ್ನು ಏರಿದವರಲ್ಲಿ ಇಬ್ಭಾಗ ಮಾಡುವ ಕಾನೂನಿದು. ಶಾನ ತರುವಾಯ ದಳಪತಿಯಾದ ಎಡ್ವರ್ಡ್ ಹಾಲೊವೆಲ್ ಕ್ವೇಕರ್ ಮನೆತನದವನು. ಅವನು ಒಂದು ಪ್ರಮಾಣವಚನವನ್ನು ರಚಿಸಿದನು: ಆ ದಿನಕ್ಕಾಗಲಿ ಅದಕ್ಕೆ ಮುಂಚೆಯಾಗಲಿ, ಕೂಲಿಯಿಲ್ಲದ ದುಡಿಮೆಯನ್ನು ಯಾವ ಮನುಷ್ಯನಿಗೂ ತಾನು ಸಲ್ಲಿಸಬೇಕಾಗಿರಲಿಲ್ಲವೆಂದು ಸೈನಿಕನು ಆಣೆಯಿಡಬೇಕು. ದಾಸ್ಯದಲ್ಲಿ ಹುಟ್ಟಿದವನೂ ಈ ಆಣೆಯನ್ನು ಆತ್ಮಸಾಕ್ಷಿಗೆ ಚ್ಯುತಿಯಿಲ್ಲದೆ ಇಡಬಹುದಾಗಿತ್ತು. ಒಡೆಯನು ದುಡಿಸಿಕೊಂಡದ್ದು ನಿಜ. ದುಡಿಸಿಕೊಳ್ಳುವ ಹಕ್ಕು ಅವನಿಗಿತ್ತೆಂದು ಯಾರು ಹೇಳಿದರು? ಆಣೆಗಳು ನಡೆದವು, ಪಟ್ಟಿಯಲ್ಲಿ ‘ಸ್ವತಂತ್ರ’ ಎಂದು ಬರೆದುದಾಯಿತು. ಆ ಶರತ್ಕಾಲದಲ್ಲಿ ದಳಕ್ಕೆ ಬಾಕಿ ಸಲ್ಲಿಸಲು 1,70,000 ಡಾಲರ್ ಬೇಕಾಯಿತೆಂದು ಎಮಿಲಿಯೊ ಲೆಕ್ಕ ಕೊಡುತ್ತಾನೆ.

ಈಗ ವಂಶಜನ ಸ್ಥಿತಿಯನ್ನು ಯೋಚಿಸಬೇಕು. ತನ್ನ ಪೂರ್ವಜನ ಕಾರ್ಡಿನ ಮೇಲೆ ‘1861ರ ಏಪ್ರಿಲ್ 19ಕ್ಕೆ ಮುಂಚೆ ಸ್ವತಂತ್ರ’ ಎಂಬ ಟಿಪ್ಪಣಿಯನ್ನು ಅವನು ಕಾಣುತ್ತಾನೆ. 1850 ಮತ್ತು 1860ರ ಜನಗಣತಿಯ ದಾಸರ ಪಟ್ಟಿಗಳಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣಗಳನ್ನು ಬರೆದರೇ ಹೊರತು ದಾಸರ ಹೆಸರುಗಳನ್ನು ಸಾಮಾನ್ಯವಾಗಿ ಬರೆಯಲಿಲ್ಲ. ಆ ಶೂನ್ಯದ ಅಂಚಿನಲ್ಲಿ ನಿಂತವನಿಗೆ ಸರಕಾರದ ಈ ಟಿಪ್ಪಣಿ ಕೈಹಿಡಿದಂತಾಗುತ್ತದೆ. ನಮ್ಮ ಮನೆಯವರು ಹುಟ್ಟಾ ಸ್ವತಂತ್ರರು ಎಂದು ಅವನು ವಂಶಾವಳಿಯಲ್ಲಿ ಬರೆದುಕೊಂಡರೆ ತಪ್ಪೆನ್ನುವುದು ಹೇಗೆ? ಆದರೂ ತಪ್ಪೆನ್ನಲೇಬೇಕು. ಈ ದಳದ ಮಟ್ಟಿಗೆ ಆ ಟಿಪ್ಪಣಿ ಜನ್ಮವೃತ್ತಾಂತವಲ್ಲ, ಸಂಬಳದ ರಸೀತಿ. ಅವನ ಪೂರ್ವಜ ಸ್ವತಂತ್ರನಾಗಿದ್ದಿರಬಹುದು, ದಳದ ಹೆಚ್ಚಿನವರು ಉತ್ತರದ ರಾಜ್ಯಗಳ ಸ್ವತಂತ್ರರೇ ಹೌದು. ಆದರೆ ಅದಕ್ಕೆ ಬೇರೆ ಸಾಕ್ಷ್ಯ ಬೇಕು.

ಜೇಮ್ಸ್ ಹೆನ್ರಿ ಗುಡಿಂಗ್‌ನ ವೃತ್ತಾಂತ ಇದಕ್ಕೆ ನಿದರ್ಶನ. ನ್ಯೂ ಬೆಡ್‌ಫರ್ಡ್ ಬಂದರಿನ ತಿಮಿಂಗಿಲಬೇಟೆಯ ಹಡಗುಗಳಲ್ಲಿ ದುಡಿದು 54ನೆಯ ದಳವನ್ನು ಸೇರಿದ ಈತನು ಊರಿನ ಪತ್ರಿಕೆಗೆ ಯುದ್ಧಭೂಮಿಯಿಂದ ಕಾಗದಗಳನ್ನು ಬರೆಯುತ್ತಿದ್ದನು. 1863ರ ಸೆಪ್ಟೆಂಬರ್ 28ರಂದು ಅಧ್ಯಕ್ಷ ಲಿಂಕನ್ನನಿಗೇ ಬರೆದು, ತಾವು ಸೈನಿಕರೋ ಕೂಲಿಗಳೋ ಎಂದು ಕೇಳಿದನು. ತಮ್ಮ ದಳದವರು ಹುಟ್ಟಿನಿಂದ ಸ್ವತಂತ್ರರಾದುದರಿಂದ ಓಡಿಬಂದ ದಾಸರಿಗಾಗಿ ಮಾಡಿದ ಕಾನೂನು ತಮಗೆ ಸಲ್ಲದೆಂದು ವಾದಿಸಿದನು. ಅವನ ನಾವಿಕಪತ್ರಗಳಲ್ಲಿಯೂ ನ್ಯೂಯಾರ್ಕ್ ರಾಜ್ಯದ ಟ್ರಾಯ್ ಊರಿನಲ್ಲಿ ಹುಟ್ಟಿದವನೆಂದೇ ಇದೆ. ಅವನ ಕಾಗದಗಳು 1991ರಲ್ಲಿ ಪುಸ್ತಕವಾಗಿ ಬಂದ ನಂತರ ನಡೆದ ಶೋಧನೆಯಿಂದ ತಿಳಿದುದೇ ಬೇರೆ: ಅವನು ಹುಟ್ಟಿದ್ದು ಉತ್ತರ ಕೆರೊಲಿನದಲ್ಲಿ, ದಾಸನಾಗಿ. ಬಾಲ್ಯದಲ್ಲಿ ಅವನನ್ನು ಹಣ ಕೊಟ್ಟು ಬಿಡಿಸಿ ನ್ಯೂಯಾರ್ಕಿನ ಅನಾಥಾಲಯಕ್ಕೆ ಸೇರಿಸಲಾಗಿತ್ತು. ಇದನ್ನು ಸುಳ್ಳೆಂದು ಕರೆಯಲು ನನಗೆ ಮನಸ್ಸಿಲ್ಲ. ಹುಟ್ಟಿದ ಊರಿನ ಹೆಸರು ಹೇಳಿದರೆ ಸ್ವಾತಂತ್ರ್ಯಕ್ಕೆ ಅಪಾಯವಿದ್ದ ಕಾಲದಲ್ಲಿ ಟ್ರಾಯ್ ಎಂಬುದು ಅವನ ಕವಚ. ಆದರೆ ಆ ಕವಚವನ್ನು ಮೈಯೆಂದು ತಿಳಿದರೆ ಶೋಧಕನು ತಪ್ಪು ರಾಜ್ಯದಲ್ಲಿ ಹುಡುಕುತ್ತ ಆಯುಷ್ಯ ಕಳೆಯುತ್ತಾನೆ.

ಈ ದಳವನ್ನು ಕುರಿತು 1989ರಲ್ಲಿ ಬಂದ ‘ಗ್ಲೋರಿ’ ಚಲನಚಿತ್ರ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಎಡವಿದೆ. ಅದರ ಮುಖ್ಯ ಕಪ್ಪು ಸೈನಿಕರೆಲ್ಲ ಕಲ್ಪಿತ ಪಾತ್ರಗಳು, ದಳವೆಂದರೆ ಬಹುತೇಕ ಓಡಿಬಂದ ದಾಸರ ಕೂಟವೆಂಬ ಭಾವನೆ ಪ್ರೇಕ್ಷಕನಲ್ಲಿ ನಿಲ್ಲುತ್ತದೆ. ಬೆನ್ನಿನ ಮೇಲೆ ಚಾವಟಿ ಬೀಳುವ ದೃಶ್ಯ ಮನಕಲಕುವಂಥದು. ಆದರೆ ಆ ಸೈನ್ಯದಲ್ಲಿ ಚಾವಟಿಯ ಶಿಕ್ಷೆ 1861ರಲ್ಲಿಯೇ ರದ್ದಾಗಿತ್ತು. ಸಂಬಳದ ಜಗಳ ಚೀಟಿ ಹರಿಯುವ ಒಂದು ದೃಶ್ಯದಲ್ಲಿ ಮುಗಿದುಹೋಗುತ್ತದೆ. ಗುಡಿಂಗ್ ಇಲ್ಲ, ಫ್ರೆಡರಿಕ್ ಡಗ್ಲಸ್ ಬರುತ್ತಾನೆ, ದಳದಲ್ಲಿ ಸೇರಿದ್ದ ಅವನ ಇಬ್ಬರು ಮಕ್ಕಳು ಬರುವುದಿಲ್ಲ. ಚಿತ್ರ ಚೆನ್ನಾಗಿದೆ ಎನ್ನುವವರೊಡನೆ ನನ್ನ ವಾದವಿಲ್ಲ, ಅದನ್ನು ಪೂರ್ವಜನ ಭಾವಚಿತ್ರವೆಂದು ಗೋಡೆಗೆ ತೂಗುಹಾಕುವವರೊಡನೆ ಇದೆ.

ಪಿಂಚಣಿಯ ಕಡತಗಳ ಮಾತು ಬೇರೆ. ಇಲ್ಲಿ ಒಂದು ಸ್ವಾನುಭವವನ್ನು ಹೇಳಲು ಅಪ್ಪಣೆಯಿರಲಿ. ಹಲವು ವರ್ಷಗಳ ಹಿಂದೆ, ಕಿರಿಯ ಅಧಿಕಾರಿಯಾಗಿದ್ದಾಗ, ನವೆಂಬರ್ ತಿಂಗಳಲ್ಲಿ ಜೀವಿತ ಪ್ರಮಾಣಪತ್ರಕ್ಕಾಗಿ ಬಂದ ಸಿಪಾಯಿಯೊಬ್ಬನ ವಿಧವೆಯ ಹೆಸರು ಪಿಂಚಣಿ ಆದೇಶದಲ್ಲಿ ಒಂದು, ಪಡಿತರ ಚೀಟಿಯಲ್ಲಿ ಒಂದು, ಪಾಸ್‌ಬುಕ್ಕಿನಲ್ಲಿ ಮತ್ತೊಂದು ಬಗೆಯಾಗಿತ್ತು. “ನಾ ಒಬ್ಬಾಕಿನ ಅದೀನ್ರೀ ಸಾಹೇಬ್ರ, ಹೆಸರು ಮೂರು ಆಗ್ಯಾವ” ಎಂದಳು ಆ ಮುದುಕಿ. ಮೂವರೂ ತಾನೇ ಎಂದು ಅಫಿಡವಿಟ್ ಮಾಡಿಸಿ ತರುವಂತೆ ಅವಳನ್ನು ಕಳುಹಿಸಿದವನು ನಾನೇ. ಒಂದು ತಿಂಗಳ ಪಿಂಚಣಿ ತಡವಾಯಿತು. ಅವಳ ತವರೂರು, ಮದುವೆಯಾದ ವರ್ಷ, ಸಾಕ್ಷಿ ಹಾಕಿದ ನೆರೆಯವರ ಹೆಸರು, ಹೆಬ್ಬೆರಳಿನ ಗುರುತು ಎಲ್ಲವೂ ಆ ಕಾಗದದಲ್ಲಿತ್ತು. ಬೇರೆಲ್ಲಿಯಾದರೂ ಅವಳ ವಿಷಯ ಅಷ್ಟು ಬರೆದಿದ್ದರೋ ಕಾಣೆ.

ದಕ್ಷಿಣದ ರಾಜ್ಯಗಳಲ್ಲಿ ಸೇರಿದ ಕಪ್ಪು ಸೈನಿಕರ ವಿಧವೆಯರಿಗೆ ಆದದ್ದೂ ಇದೇ. ದಾಸ್ಯದಲ್ಲಿದ್ದವರ ಮದುವೆಗೆ ಕಾನೂನಿನ ಮಾನ್ಯತೆಯಿರಲಿಲ್ಲ, ತೋರಿಸಲು ಕಾಗದವಿರಲಿಲ್ಲ. ಗಂಡಹೆಂಡಿರಾಗಿ ಬಾಳಿದರೆಂಬ ಸಾಕ್ಷ್ಯವೇ ಸಾಕೆಂಬ ತತ್ತ್ವವನ್ನು 1864ರ ಕಾನೂನು ಒಪ್ಪಿತು. ಆಮೇಲೆ ಇಲಾಖೆಯ ತನಿಖಾಧಿಕಾರಿಗಳ ಮುಂದೆ ನೆರೆಹೊರೆಯವರು ನುಡಿದ ಹೇಳಿಕೆಗಳಲ್ಲಿ ಯಾವ ತೋಟ, ಯಾರು ಒಡೆಯ, ಯಾವ ಮಗು ಯಾವ ಸುಗ್ಗಿಯಲ್ಲಿ ಹುಟ್ಟಿತು, ಯುದ್ಧದ ನಂತರ ಒಡೆಯನ ಮನೆತನದ ಹೆಸರನ್ನು ಬಿಟ್ಟು ಯಾವ ಹೆಸರನ್ನು ಇಟ್ಟುಕೊಂಡರು ಎಂಬುದೆಲ್ಲ ಇಳಿಯಿತು. ಇಲ್ಲಿಯೂ ಎಚ್ಚರ ಬೇಕು. ಪಿಂಚಣಿ ಬೇಡುವವನು ತನ್ನ ಕೀಲುನೋವನ್ನು ವಿಸ್ತರಿಸುತ್ತಾನೆ, ಸಾಹಸವನ್ನು ಹೇಳುವುದಿಲ್ಲ. ಸಾಹಸಕ್ಕೆ ಅರ್ಜಿಯಲ್ಲಿ ಅಂಕಣವಿಲ್ಲ. ಆದರೂ ಸೇವೆಯ ಕಾರ್ಡನ್ನು ಮಾತ್ರ ತರಿಸಿಕೊಂಡು ಪಿಂಚಣಿ ಕಡತವನ್ನು ಬಿಡುವ ಶೋಧಕನು ಮನೆಯ ಹೊಸ್ತಿಲಲ್ಲಿ ನಿಂತು ಹಿಂತಿರುಗಿದಂತೆ.

ಬಾಸ್ಟನ್ನಿನಲ್ಲಿ ಶಿಲ್ಪಿ ಸೇಂಟ್-ಗಾಡೆನ್ಸ್ 1897ರಲ್ಲಿ ಮುಗಿಸಿಕೊಟ್ಟ ಕಂಚಿನ ಸ್ಮಾರಕದಲ್ಲಿ ಕುದುರೆಯೇರಿದ ಶಾನ ಪಕ್ಕದಲ್ಲಿ ಸೈನಿಕರು ನಡೆಯುತ್ತಿದ್ದಾರೆ. ಒಬ್ಬೊಬ್ಬರ ಮುಖವೂ ಬೇರೆ, ನಿಜ. ಆದರೆ ಹಿಂಬದಿಯಲ್ಲಿ ಆಗ ಕೆತ್ತಿದ್ದು ಮಡಿದ ಬಿಳಿಯ ಅಧಿಕಾರಿಗಳ ಹೆಸರುಗಳನ್ನು ಮಾತ್ರ. ವ್ಯಾಗ್ನರ್ ಕೋಟೆಯಲ್ಲಿ ಸತ್ತ ಕಪ್ಪು ಸೈನಿಕರ ಹೆಸರುಗಳು ಅಲ್ಲಿ ಸೇರಿದ್ದು 1980ರ ದಶಕದಲ್ಲಿ. ಗುಡಿಂಗ್ ಆ ಕೋಟೆಯಿಂದ ಬದುಕಿ ಬಂದವನಾದ್ದರಿಂದ ಅವನು ಆ ಪಟ್ಟಿಗೆ ಸೇರಿದವನಲ್ಲ. 1864ರ ಫೆಬ್ರವರಿಯಲ್ಲಿ ಫ್ಲಾರಿಡದ ಓಲಸ್ಟಿ ಕಾಳಗದಲ್ಲಿ ಗಾಯಗೊಂಡು ಸೆರೆಸಿಕ್ಕ ಅವನು ಜುಲೈ 19ರಂದು ಜಾರ್ಜಿಯದ ಆಂಡರ್ಸನ್‌ವಿಲ್ ಸೆರೆಶಿಬಿರದಲ್ಲಿ ತೀರಿಕೊಂಡನು. ಸಮಾನ ವೇತನದ ಕಾನೂನು ಆಗಿ ಐದು ವಾರಗಳಾಗಿದ್ದವು. ಬಾಕಿ ಹಣ ದಳಕ್ಕೆ ಬಟವಾಡೆಯಾಗಲು ಇನ್ನೂ ಎರಡು ತಿಂಗಳಿದ್ದವು.