ವರ್ಗಮೂಲಕ್ಕೆ ಅವಸರ ಬೇಡ

ಹತ್ತನೇ ತರಗತಿಯ ಗಣಿತದಲ್ಲಿ ದೂರ ಸೂತ್ರದಷ್ಟು ಬಡಪಾಯಿ ಇನ್ನೊಂದಿಲ್ಲ. ಎರಡು ಬಿಂದು ಕೊಟ್ಟಿರುತ್ತಾರೆ. ಕಳೆ, ವರ್ಗ ಮಾಡು, ಕೂಡಿಸು, ವರ್ಗಮೂಲ ತೆಗೆ, ಅಂಕ ಎಣಿಸಿಕೋ. ಪರೀಕ್ಷೆ ಮುಗಿದ ಮೇಲೆ ಅದರತ್ತ ತಿರುಗಿ ನೋಡುವವರಿಲ್ಲ. ಗ್ರಾಫ್ ಹಾಳೆಯ ಚಟ ಹತ್ತಿಸಿಕೊಂಡವರಿಗೆ ಮಾತ್ರ ಗೊತ್ತು, ಅದರ ರುಚಿಯೆಲ್ಲ ಇರುವುದು ಕೊನೆಯ ಹೆಜ್ಜೆಗೆ ಮುನ್ನ, ಮೂಲಚಿಹ್ನೆಯ ಒಳಗೆ.

(2, 3) ಮತ್ತು (7, 15) ಎಂಬ ಬಿಂದುಗಳನ್ನು ಗುರುತಿಸಿ. ಅಡ್ಡಕ್ಕೆ 5 ಮನೆ, ಮೇಲಕ್ಕೆ 12 ಮನೆ. 25ಕ್ಕೆ 144 ಕೂಡಿದರೆ 169, ದೂರ 13. ಯಾವುದರಿಂದ ಯಾವುದನ್ನು ಕಳೆದರೂ ಚಿಂತೆಯಿಲ್ಲ, ಋಣಚಿಹ್ನೆಯನ್ನು ವರ್ಗ ನುಂಗಿಬಿಡುತ್ತದೆ. ಒಳಗೆ ಕೂತಿರುವುದು ಪೈಥಾಗೊರಸನ ಪ್ರಮೇಯ. ಆಯತದ ಕರ್ಣದುದ್ದಕ್ಕೂ ಹಗ್ಗ ಎಳೆದು ಬೌಧಾಯನ ಶುಲ್ಬಸೂತ್ರದಲ್ಲಿ ಹೇಳಿದ್ದೂ ಅದನ್ನೇ. ಬಿಂದುವಿಗೆ ಸಂಖ್ಯೆಗಳ ವಿಳಾಸ ಕೊಡುವ ದಾರಿ ತೆರೆದವರು 17ನೇ ಶತಮಾನದ ಡೆಕಾರ್ಟ್ ಮತ್ತು ಫರ್ಮಾ. ಡೆಕಾರ್ಟನ ರೇಖಾಗಣಿತ ಅಚ್ಚಾದದ್ದು 1637ರಲ್ಲಿ. ಸುಮಾರು ನೂರು ವರ್ಷದ ಮೇಲೆ, 1731ರಲ್ಲಿ, ಇನ್ನೂ ಹದಿನೆಂಟರ ಹರೆಯದ ಅಲೆಕ್ಸಿ ಕ್ಲೇರೋ ಹೊರತಂದ ಪುಸ್ತಕದಲ್ಲಿ ಈ ಸೂತ್ರ ಎರಡು ಆಯಾಮಕ್ಕೂ ಇದೆ, ಮೂರು ಆಯಾಮಕ್ಕೂ ಇದೆ.

ಈಗ (1, 1), (4, 5), (8, 2) ಎಂಬ ಮೂರು ಬಿಂದುಗಳು. ಇದು ಎಂಥ ತ್ರಿಭುಜ? ದೂರಗಳ ವರ್ಗಗಳು 25, 25, 50. ಅಷ್ಟರಲ್ಲೇ ಉತ್ತರ ಬಂತು: ಎರಡು ಬಾಹು ಸಮ, 25ಕ್ಕೆ 25 ಕೂಡಿದರೆ 50, ಆದ್ದರಿಂದ ಲಂಬಕೋನ. 50ರ ವರ್ಗಮೂಲ ಹುಡುಕಿ ದಶಮಾಂಶ ಬರೆಯಲು ಹೊರಟವನಿಗೆ ಈ ಸಂಬಂಧ ಕಣ್ಣಿಗೇ ಬೀಳುವುದಿಲ್ಲ.

ಗೆರೆಗಳು ಕೂಡುವ ಬಿಂದುಗಳನ್ನು ಬಿಟ್ಟು ಕದಲುವುದಿಲ್ಲ ಎಂದು ಹಠ ಹಿಡಿದರೆ ಆಟ ಇನ್ನೂ ರಂಗೇರುತ್ತದೆ. ದೂರದ ವರ್ಗ 1 ಆಗಬಹುದು, 2, 4, 5 ಆಗಬಹುದು. 3 ಆಗದು. 7, 11, 15 ಕೂಡ ಆಗವು. ಕಾರಣ ಸುಲಭ: ಯಾವ ವರ್ಗಸಂಖ್ಯೆಯನ್ನು 4ರಿಂದ ಭಾಗಿಸಿದರೂ ಶೇಷ 0 ಇಲ್ಲವೇ 1. ಎರಡನ್ನು ಕೂಡಿದರೆ ಶೇಷ 0, 1 ಅಥವಾ 2. ಶೇಷ 3 ಬರುವ ಸಂಖ್ಯೆಗೆ ಹಾಳೆ ಎಷ್ಟೇ ದೊಡ್ಡದಿದ್ದರೂ ಜಾಗವಿಲ್ಲ.

ಇನ್ನೊಂದು ನಿಷೇಧವೂ ಇದೆ. ಈ ಬಿಂದುಗಳ ಮೇಲೆ ಸಮಬಾಹು ತ್ರಿಭುಜ ಕೂರುವುದಿಲ್ಲ. ನಿರ್ದೇಶಾಂಕಗಳಿಂದ ವಿಸ್ತೀರ್ಣ ಕಂಡುಹಿಡಿದರೆ ಪೂರ್ಣಾಂಕವೋ ಅದರ ಅರ್ಧವೋ ಬರಬೇಕು. ಸಮಬಾಹು ತ್ರಿಭುಜದ ವಿಸ್ತೀರ್ಣವಾದರೋ ಬಾಹುವಿನ ವರ್ಗವನ್ನು 3ರ ವರ್ಗಮೂಲದಿಂದ ಗುಣಿಸಿ 4ರಿಂದ ಭಾಗಿಸಿದ್ದು. ಬಾಹುವಿನ ವರ್ಗ ಪೂರ್ಣಾಂಕ, 3ರ ವರ್ಗಮೂಲ ಅಭಾಗಲಬ್ಧ. ಎರಡು ಲೆಕ್ಕ ತಾಳೆಯಾಗುವ ಮಾತೇ ಇಲ್ಲ.

ಹಾಗಾದರೆ ವರ್ಗಮೂಲ ನಿಶ್ಶೇಷವಾಗಿ ಹೊರಬರುವ ಜೋಡಿಗಳನ್ನು ಹುಡುಕುವುದು ಹೇಗೆ? ಇದಕ್ಕೆ ನಮ್ಮ ನೆಲದಲ್ಲೇ ಉತ್ತರವಿದೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯ ಎರಡು ಸಂಖ್ಯೆಗಳನ್ನು ಬೀಜವಾಗಿಟ್ಟು ಆಯತ ಬೆಳೆಸುತ್ತಾನೆ. ಬೀಜಗಳ ವರ್ಗಗಳ ವ್ಯತ್ಯಾಸ ಒಂದು ಬಾಹು, ಗುಣಲಬ್ಧದ ಎರಡರಷ್ಟು ಇನ್ನೊಂದು, ವರ್ಗಗಳ ಮೊತ್ತ ಕರ್ಣ. ಬೀಜ 2 ಮತ್ತು 1 ಆದರೆ 3, 4, 5. ಬೀಜ 3 ಮತ್ತು 2 ಆದರೆ ಮೇಲೆ ಕಂಡ 5, 12, 13. ಬೀಜ 4 ಮತ್ತು 1 ಆದರೆ 15, 8, 17. ಬೀಜ ಬದಲಿಸುತ್ತ ಹೋದಂತೆ ಹಾಳೆ ತುಂಬುವಷ್ಟು ಬೆಳೆ.

ಈ ವಾರದ ಆಟಕ್ಕೆ ಬದಿ 52 ಮನೆಯ ಚೌಕ ಬರೆಯಿರಿ, ಒಂದು ಮೂಲೆ (0, 0)ದಲ್ಲಿರಲಿ. ಒಳಗೆ (7, 24) ಬಿಂದುವಿಟ್ಟು ನಾಲ್ಕೂ ಮೂಲೆಗಳಿಗೆ ದೂರ ಅಳೆಯಿರಿ. ಒಂದಕ್ಕೆ 25, ಇನ್ನೊಂದಕ್ಕೆ 51, ಮತ್ತೊಂದಕ್ಕೆ 53. ನಾಲ್ಕನೆಯದಕ್ಕೆ ಬಂದಾಗ ಮೂಲಚಿಹ್ನೆಯ ಒಳಗೆ 833. 28ರ ವರ್ಗ 784, 29ರದು 841. ಕೈ ತಪ್ಪಿತು! ಬದಿಯೂ ನಾಲ್ಕೂ ದೂರಗಳೂ ಪೂರ್ಣಾಂಕವಾಗುವ ಚೌಕ ಮತ್ತು ಬಿಂದು ಇವೆಯೇ? ಜಗತ್ತಿನ ಯಾವ ಗಣಿತಜ್ಞನೂ ಅಂಥದ್ದನ್ನು ಇದುವರೆಗೆ ತೋರಿಸಿಲ್ಲ, ಇಲ್ಲವೆಂದು ಸಾಧಿಸಿಯೂ ಇಲ್ಲ. ಹುಡುಕಲು ಬೇಕಾದ ಸಲಕರಣೆಯೆಂದರೆ ಹತ್ತನೇ ತರಗತಿಯ ಅದೇ ಸೂತ್ರ.