ಕೊಳವೆ ಪಾಸು, ಬಂದರು ಬಾಕಿ

2024ರ ಸೆಪ್ಟೆಂಬರ್‌ನಲ್ಲಿ ಪಶ್ಚಿಮ ಆಸ್ಟ್ರೇಲಿಯದ ಡ್ಯಾಂಪಿಯರ್ ಬಂದರಿನ ಲಂಗರು ತಾಣದಲ್ಲಿ ಎರಡು ಹಡಗುಗಳು ಪಕ್ಕಪಕ್ಕ ನಿಂತು, ಸುಮಾರು 2,700 ಟನ್ ದ್ರವ ಅಮೋನಿಯವನ್ನು ಒಂದರಿಂದ ಇನ್ನೊಂದಕ್ಕೆ ಹರಿಸಿದವು. 2025ರ ಏಪ್ರಿಲ್‌ನಲ್ಲಿ ರಾಟರ್‌ಡ್ಯಾಮ್‌ನ ಸರದಿ: 800 ಘನ ಮೀಟರ್. ಎರಡೂ ಸುರಕ್ಷಿತವಾಗಿ ಮುಗಿದವು. ಇಂಗಾಲವಿಲ್ಲದ ಹಡಗು ಇಂಧನಕ್ಕೆ ದಾರಿ ತೆರೆಯಿತು ಎಂಬ ಸಂಭ್ರಮವೂ ಆಯಿತು.

ಸಾಧನೆ ಸಣ್ಣದಲ್ಲ. ಮೈನಸ್ 33 ಡಿಗ್ರಿಯ ದ್ರವವದು. ಹಡಗು ಜಗ್ಗಿದರೆ ತಾನೇ ಕಳಚಿ ಎರಡೂ ಬಾಯಿ ಮುಚ್ಚಿಕೊಳ್ಳುವ ಜೋಡಣೆ, ಕೆಲಸ ಮುಗಿದ ಮೇಲೆ ನೈಟ್ರೋಜನ್ ಹಾಯಿಸಿ ಕೊಳವೆ ತೊಳೆಯುವ ಕ್ರಮ, ಇವೆಲ್ಲ ಪಳಗಿದ ವಿದ್ಯೆ. ಗೊಬ್ಬರಕ್ಕಾಗಿ ಅಮೋನಿಯ ಹೊತ್ತ ಹಡಗುಗಳು ನಮ್ಮ ಮಂಗಳೂರಿನ ಪಣಂಬೂರಿಗೂ ಹೊಸವಲ್ಲ.

ಆದರೆ ಈ ಪರೀಕ್ಷೆಗಳಲ್ಲಿ ಕೂತದ್ದು ಕೊಳವೆ ಮಾತ್ರ, ಬಂದರು ಅಲ್ಲ. ಡ್ಯಾಂಪಿಯರ್‌ನದು ಧಕ್ಕೆಯಿಂದಾಚೆಯ ಲಂಗರು ತಾಣ. ರಾಟರ್‌ಡ್ಯಾಮ್‌ನದು ನಗರದಿಂದ ಬಹು ದೂರದ, ಕಡಲು ತುಂಬಿ ಮಾಡಿದ ನೆಲ. ಕೈಹಾಕಿದ್ದು ಅನಿಲ ಸಾಗಿಸಿಯೇ ಪಳಗಿದ ಹಡಗುಗಳು. ನಾಳೆ ಅಮೋನಿಯವನ್ನು ಇಂಧನವಾಗಿ ತುಂಬಿಸಿಕೊಳ್ಳುವುದು ಕಂಟೇನರ್ ಹಡಗು. ಒಂದು ಬದಿಯಲ್ಲಿ ಇಂಧನ ತುಂಬುತ್ತಿರುವಾಗಲೇ ಇನ್ನೊಂದು ಬದಿಯಲ್ಲಿ ಕ್ರೇನು ಸರಕು ಇಳಿಸುತ್ತಿರಬೇಕು, ಇಲ್ಲವಾದರೆ ಮಾಲೀಕನಿಗೆ ನಷ್ಟ. ನಿಜವಾದ ಅಪಾಯ ಈ ಅವಸರದಲ್ಲಿದೆ.

ಎಣ್ಣೆ ಚೆಲ್ಲಿದರೆ ನೀರ ಮೇಲೆ ನಿಲ್ಲುತ್ತದೆ. ಅಮೋನಿಯ ಗಾಳಿ ಹೋದತ್ತ ಹೋಗುತ್ತದೆ. ಗಾಳಿಗಿಂತ ಹಗುರವೆಂಬ ಸಮಾಧಾನವೂ ಪೂರ್ತಿ ನಿಜವಲ್ಲ: ತಣ್ಣಗೆ ಸೋರಿದ್ದು ತೇವದೊಡನೆ ಬೆರೆತು ನೆಲ ಹಿಡಿದು ತೆವಳಬಲ್ಲದು. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 300 ಪಾಲು ಸೇರಿದರೆ ಜೀವಕ್ಕೇ ಕುತ್ತು. 1992ರಲ್ಲಿ ಸೆನೆಗಲ್‌ನ ಡಾಕರ್‌ನ ಕಡಲೆಕಾಯಿ ಎಣ್ಣೆ ಕಾರ್ಖಾನೆಯಲ್ಲಿ ಅಮೋನಿಯದ ಒಂದೇ ಒಂದು ಟ್ಯಾಂಕ್ ಸಿಡಿದು ನೂರಕ್ಕೂ ಹೆಚ್ಚು ಜನ ಸತ್ತರು.

2023ರ ಡಿಸೆಂಬರ್ 26ರ ರಾತ್ರಿ ಚೆನ್ನೈ ಬಳಿಯ ಎಣ್ಣೂರಿನಲ್ಲಿ, ಹಡಗಿನಿಂದ ಗೊಬ್ಬರ ಕಾರ್ಖಾನೆಗೆ ಅಮೋನಿಯ ತರುವ ಕಡಲಡಿಯ ಕೊಳವೆ ಸೋರಿತು. ಮೀನುಗಾರರ ಕೇರಿಗಳ ಜನ ನಿದ್ದೆಗಣ್ಣಲ್ಲೇ ಓಡಿದರು. ಹತ್ತಾರು ಮಂದಿ ಆಸ್ಪತ್ರೆ ಸೇರಿದರು. ಮೊದಲ ಎಚ್ಚರಿಕೆ ಕೊಟ್ಟದ್ದು ಅವರ ಮೂಗು.

ಹಾಗಾಗಿ ನನ್ನ ತೀರ್ಪು ಇಷ್ಟು: ಹೊರ ಲಂಗರಿನಲ್ಲೋ ಪ್ರತ್ಯೇಕ ಜೆಟ್ಟಿಯಲ್ಲೋ, ಸರಕಿನ ಕೆಲಸ ನಿಲ್ಲಿಸಿ, ಗಾಳಿ ನೋಡಿ ತುಂಬಿಸುವುದಾದರೆ ಒಪ್ಪೋಣ. ಧಕ್ಕೆಯ ಗದ್ದಲದ ನಡುವೆ ಬೇಕೆಂದರೆ, ಮುಂದಿನ ಪರೀಕ್ಷೆಯಲ್ಲಿ ಕೊಳವೆಯ ಜೊತೆ ಕೇರಿಯ ಸೈರನ್ನೂ ಕೂಗಿ ತೋರಿಸಲಿ.